ತಾರೀಖಿನ ಮೊಹರು

ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ನನ್ನ ಮೊದಲ ಕೆಲಸ
ಮೊಹರಿನ ತಾರೀಖು ತಿರುಗಿಸುವುದು.
ಪುಟ್ಟ ರಬ್ಬರು ಚಕ್ರ. ಹೆಬ್ಬೆರಳಲ್ಲಿ ತಳ್ಳಿದರೆ
ನಿನ್ನೆ ಹೋಗುತ್ತದೆ, ಶಾಯಿ ಉಗುರಿಗೆ ಬರುತ್ತದೆ.
ಮೂರು ವರ್ಷ ಇಸವಿಗಳನ್ನು ಬಾಯಿಪಾಠ ಮಾಡಿದವಳು,
ಒಂದನ್ನೂ ಕೈಯಾರೆ ತಿರುಗಿಸಿರಲಿಲ್ಲ.

ಇಂಟರ್‌ವ್ಯೂನಲ್ಲಿ ಐದು ಜನ, ಒಂದು ತಟ್ಟೆ ಗೋಡಂಬಿ.
"ಬಿ.ಎ.? ಅದೂ ಚರಿತ್ರೆ? ಬ್ಯಾಂಕಿಗೇಕಮ್ಮ ಬಂದೆ?"
ಕೋಚಿಂಗಿನಲ್ಲಿ ಬರೆಸಿದ ಉತ್ತರವಿತ್ತು: ಸೇವೆ, ಸವಾಲು, ಇತ್ಯಾದಿ.
ಬಾಯಿಗೆ ಬಂದದ್ದು ಬೇರೆ.
"ಕೆರೆ ಏರಿಯ ಮೇಲೊಂದು ಕಲ್ಲು ಓದಿದ್ದೆ ಸಾರ್.
ಯಾರೋ ಒಬ್ಬಳು ದೇವರ ಮುಂದೆ ಹನ್ನೆರಡು ಗದ್ಯಾಣ ಇಟ್ಟಿದ್ದಾಳೆ.
ಅಸಲು ಮುಟ್ಟಬಾರದು, ಬಡ್ಡಿಯಲ್ಲಿ ದೀಪ ಉರಿಯಬೇಕು.
ಫಿಕ್ಸೆಡ್ ಡಿಪಾಸಿಟ್ಟೇ ಅಲ್ಲವೇ ಸಾರ್, ಅದು?"
ಒಬ್ಬರು ನಕ್ಕರು. ಇನ್ನೊಬ್ಬರು ಗೋಡಂಬಿ ಕೈಯಲ್ಲೇ ಹಿಡಿದು
"ಬಡ್ಡಿ ಎಷ್ಟು ಪರ್ಸೆಂಟು?" ಅಂದರು.
ಗೊತ್ತಿರಲಿಲ್ಲ. ಕಲ್ಲು ಅಲ್ಲಿ ಸವೆದಿತ್ತು.

ಕಾಮಾಕ್ಷಿಪಾಳ್ಯದ ಬ್ರಾಂಚು. ಮೇಲಿನ ಮಹಡಿಯಲ್ಲಿ ಮಗ್ಗ.
ಸೀಲಿಂಗು ದಿನವಿಡೀ ಖಟಖಟ ಅನ್ನುತ್ತದೆ,
ನೋಟೆಣಿಸುವ ಯಂತ್ರ ಕೆಳಗಿನಿಂದ ಎದುರು ಮಾತಾಡುತ್ತದೆ.
ಬಿ.ಕಾಂ. ಅಖಿಲೇಶ್ ವಾರದಲ್ಲೇ ಸಸ್ಪೆನ್ಸ್ ಅಕೌಂಟಿನ ಒಳಹೊಕ್ಕು ಬಂದ.
ನನಗೆ ಆ ಹೆಸರಿಗೇ ನಗು ಬಂತು. ಯಾರೂ ನಗಲಿಲ್ಲ.
"ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್, ಮಿಕ್ಕಿದ್ದೆಲ್ಲ ವೇದಾಂತ"
ಅಂದರು ಹೆಡ್ ಕ್ಯಾಷಿಯರ್ ಫಿಲೋಮಿನಾ ಮೇಡಂ,
ಒದ್ದೆ ಸ್ಪಂಜಿನ ಡಬ್ಬಿ ನನ್ನ ಕಡೆ ಸರಿಸುತ್ತ.
ಅರಿಶಿನ ಮೆತ್ತಿದ ನೋಟು, ಫೋನ್ ನಂಬರು ಬರೆದ ನೋಟು,
ನಾಲ್ಕಾಗಿ, ಎಂಟಾಗಿ, ಹದಿನಾರಾಗಿ ಮಡಿಸಿ
ಮಡಿಕೆಯಲ್ಲೇ ಮುದಿಯಾದ ನೋಟು:
ಓದುತ್ತ ಕೂತರೆ ಕ್ಯೂ ಬಾಗಿಲಾಚೆ ಹೋಗುತ್ತದೆ.
ಒಂದು ಶುಕ್ರವಾರ ಐನೂರು ಕಡಿಮೆ ಬಂತು. ಕೈಯಿಂದ ಕಟ್ಟಿದೆ.
ಮನೆಯಲ್ಲಿ ಹೇಳಲಿಲ್ಲ. ಅಪ್ಪ ಅದೇ ವಾರ
ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದರು.

ಆಮೇಲೆ ಹನುಮಕ್ಕ ಬಂದದ್ದು. ನಾಲ್ಕು ಸಾವಿರ ತೆಗೆಯಬೇಕು.
ಪರದೆಯ ಮೇಲಿನ ಸಹಿ ತೊಂಬತ್ತೆರಡರದ್ದು,
ರಾತ್ರಿಶಾಲೆಯ ಸ್ಲೇಟಿನಿಂದ ಆಗತಾನೇ ಇಳಿದಂತೆ ದುಂಡಗೆ.
ಚೀಟಿಯ ಮೇಲಿನದು ನಡುಗಿ, ಒಂದಕ್ಷರದ ಕಾಲು ಇನ್ನೊಂದರ ಮೇಲೆ.
"ಮ್ಯಾಚ್ ಆಗಲ್ಲ" ಅಂದ ಅಖಿಲೇಶ್. ಅವನ ತಪ್ಪಲ್ಲ.
"ನಾನೇ ಕಣವ್ವ. ನಾನಲ್ದೆ ಇನ್ಯಾರು?"

ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡೆ.
ಶತಮಾನ ದಾಟುವಾಗ ಅಕ್ಷರದ ತಲೆಕಟ್ಟು ಬದಲಾಗುತ್ತದೆ, ಹೊಟ್ಟೆ ಇಳಿಯುತ್ತದೆ,
ಕೈ ಮಾತ್ರ ಎತ್ತುವಲ್ಲೇ ಎತ್ತುತ್ತದೆ ಅಂತ
ಹೇಳಿಕೊಟ್ಟಿದ್ದರು ಲಿಪಿಶಾಸ್ತ್ರದ ಮೇಷ್ಟರು;
ಆ ಕ್ಲಾಸಿಗೆ ನಾವು ನಾಲ್ಕೇ ಜನ, ಮಳೆ ಬಂದರೆ ಇಬ್ಬರು.
ಹನುಮಕ್ಕನ ಒತ್ತಕ್ಷರ ಆಗಲೂ ಈಗಲೂ
ಕೆಳಗಿಳಿಯದೆ ಪಕ್ಕಕ್ಕೆ ಜಾರಿ ಬಾಲವೆತ್ತಿ ನಿಲ್ಲುತ್ತದೆ,
ಬೈಸಿಕೊಂಡ ಬೆಕ್ಕಿನ ಹಾಗೆ.

ಮೇಡಂಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.
"ಬೆಕ್ಕನ್ನ ಆಡಿಟರ್ ಒಪ್ಪಲ್ಲ. ಹೊಸ ನಮೂನೆ ತಗೋ,
ಫೋಟೋ ತಗೋ, ಆಧಾರ್ ನೋಡು."
ಎಲ್ಲ ಆಗಿ ಚೀಟಿ ಪಾಸು ಮಾಡುವಾಗ ಮೆಲ್ಲಗೆ,
"ಬಾಲ ಇದೆ, ನಿಜ."

ಹನುಮಕ್ಕ ಎರಡು ಸಲ ಎಣಿಸಿ, ಮೂರನೆಯದು ನನ್ನಿಂದ ಎಣಿಸಿದರು.
"ಏನ್ ಓದಿದ್ದೀಯವ್ವ?"
"ಚರಿತ್ರೆ."
"ಅದಕ್ಕೆ ಸಂಬಳ ಕೊಡ್ತಾರಾ?"
"ಇಲ್ಲ. ಇದಕ್ಕೆ ಕೊಡ್ತಾರೆ."

ಅಂದು ಲೆಕ್ಕ ಸರಿಹೋಯಿತು.
ಮುನಿವೆಂಕಟಪ್ಪ ಶಟರ್ ಎಳೆದಾಗಲೂ ಮಗ್ಗ ನಿಂತಿರಲಿಲ್ಲ.
ಮಾಗಡಿ ರೋಡಿನ ಬಸ್ಸಿನಲ್ಲಿ
ಸೊನ್ನೆ ರೂಪಾಯಿಯ ಟಿಕೆಟ್ಟಿನ ಬೆನ್ನ ಮೇಲೆ ಗುಣಿಸುತ್ತ ಕೂತೆ:
ರಾತ್ರಿಗೊಂದು ಸೊಲ್ಲಿಗೆ ಎಣ್ಣೆ, ವರ್ಷಕ್ಕೆಷ್ಟು,
ಹನ್ನೆರಡು ಗದ್ಯಾಣಕ್ಕೆ ಬಡ್ಡಿ ಎಷ್ಟಿದ್ದಿರಬೇಕು?
ಇಷ್ಟು ದಿನ ಬರೀ ಕಲ್ಲನ್ನು ಓದಿದ್ದೆ.
ಅವಳು ಎಣಿಸಿ ಕೊಟ್ಟಿರಬೇಕು,
ಎದುರಿಗೆ ಕೂತವರು ಯಾರೋ ಮತ್ತೊಮ್ಮೆ ಎಣಿಸಿಕೊಂಡಿರಬೇಕು,
ಅವರ ಉಗುರಲ್ಲೂ ಏನೋ ಕಪ್ಪು ಕೂತಿರಬೇಕು.
ತಲೆಯೆತ್ತುವಷ್ಟರಲ್ಲಿ ಸುಂಕದಕಟ್ಟೆ ದಾಟಿತ್ತು.
ನಾನು ಇಳಿಯಬೇಕಾದದ್ದು ಅಲ್ಲಿ.