ಹೆಲ್ವೆಯ ಅಂಗೈ

ಮೊದಲ ಚೌಕಟ್ಟು ಪ್ಲೈವುಡ್ಡಿನದು.
ಹಗುರ, ಅಗ್ಗ, ವಾರದಲ್ಲೇ ಎದ್ದು ನಿಂತಿತ್ತು.
ಬರ್ಚ್ ಹಲಗೆಯ ಮೇಲೊಂದು ನೇರ ಗೆರೆ ಕೊರೆ ಅಂದರೆ
ಒಂದನೇ ಕ್ಲಾಸಿನ ಹುಡುಗನ ಹಾಗೆ
ಅಲೆ ಅಲೆಯಾಗಿ ಬರೆಯಿತು.

ಕಂಪ್ಯೂಟರಿನ ತಪ್ಪಲ್ಲ, ಅದು ಹೇಳಿದ್ದು ಸರಿ.
ಮೋಟಾರಿನದೂ ಅಲ್ಲ.
ಹೇಳಿದ ಮಾತಿಗೂ ಕಚ್ಚುವ ಹಲ್ಲಿಗೂ ನಡುವೆ
ಏನೋ ಒಂದು ಬಗ್ಗುತ್ತಿತ್ತು.

ನಾರ್ವಾದಲ್ಲಿ ನವೆಂಬರಿಗೆ ಮೂರೂವರೆಗೇ ಕತ್ತಲು.
ನದಿಯಾಚೆ ಹೊತ್ತಿದ ದೀಪಗಳು ಬೇರೆ ದೇಶದವು.
ಗ್ಯಾರೇಜಿಗೆ ಕಬ್ಬಿಣದ ಚೌಕ ಕೊಳವೆ ತಂದೆ:
ಎಂಬತ್ತಕ್ಕೆ ಎಂಬತ್ತು, ಐದು ಮಿಲಿಮೀಟರ್ ದಪ್ಪ.
ಮೂಲೆಯಿಂದ ಮೂಲೆಗೆ ದಾರ ಹಿಡಿದೆ. ಎರಡು ಕರ್ಣವೂ ಸಮ.
ಬೆಸೆದು, ಚಹಾ ಕುಡಿದು, ಮಲಗಿದೆ.
ಬೆಳಿಗ್ಗೆ ನೋಡಿದರೆ
ಆರುತ್ತಾ ಆರುತ್ತಾ ಕಬ್ಬಿಣ ಮಗ್ಗುಲು ಬದಲಿಸಿದೆ.
ಒಂದು ಕರ್ಣ ಮೂರು ಮಿಲಿಮೀಟರ್ ಉದ್ದ.

ಕೊಯ್ದೆ. ಮತ್ತೆ ಬೆಸೆದೆ, ಈ ಸಲ ಅವಸರವಿಲ್ಲದೆ,
ಇಲ್ಲೊಂದು ಚುಕ್ಕೆ, ಎದುರು ಮೂಲೆಗೊಂದು ಚುಕ್ಕೆ,
ನಡುವೆ ಒಂದು ಸಿಗರೇಟಿನಷ್ಟು ಹೊತ್ತು.
ಮೂಲೆಮೂಲೆಗೆ ತ್ರಿಕೋನದ ತುಂಡು.
ಆದರೂ ಹಾಡುತ್ತಿತ್ತು ಹಾಳಾದ್ದು,
ಹಲ್ಲು ಮರಕ್ಕೆ ತಾಗಿದರೆ ಸಾಕು.

ಪಕ್ಕದ ಗ್ಯಾರೇಜಿನಿಂದ ಹೆಲ್ವೆ ಬಂದಳು.
ಎಪ್ಪತ್ತೆಂಟು ವರ್ಷ. ಮೂವತ್ತೊಂದು ವರ್ಷ ಗಿರಣಿಯ ಮಗ್ಗ ರಿಪೇರಿ,
ಕಿವಿ ಎರಡೂ ಮಗ್ಗಗಳ ಪಾಲು.
ಶುರು ಮಾಡು ಅಂದಳು. ಕೈಗವಸು ಕಳಚಿದಳು.
ಹಸುವಿನ ಹೊಟ್ಟೆ ಸವರಿ ಕರು ಹುಡುಕುವಂತೆ
ಕಾಲು, ಕಂಬ, ಅಡ್ಡತೊಲೆ ತಡವಿಕೊಂಡು ಹೋಗಿ
ಎಡಗಂಬದ ಬುಡದಲ್ಲಿ ನಿಂತಳು.
'ಟೊಳ್ಳು. ಟೊಳ್ಳಿದ್ದಲ್ಲಿ ಸದ್ದು ಮನೆ ಮಾಡುತ್ತೆ.
ತುಂಬು.'

ಪೇಪ್ಸಿ ಸರೋವರದ ಮರಳು, ನಾಲ್ಕು ಬಕೆಟ್.
ಅಡುಗೆಮನೆಯ ಒಲೆಯಲ್ಲಿ ಹುರಿದು ಒಣಗಿಸಿದೆ
(ಝಿನಾ ಎರಡು ದಿನ ಮಾತು ಬಿಟ್ಟಳು).
ಪುಡಿಗಲ್ಲು ಬೆರೆಸಿ, ಎಪಾಕ್ಸಿ ಕಲಸಿ,
ಇಡ್ಲಿ ಹಿಟ್ಟಿಗಿಂತ ಗಟ್ಟಿ, ಒದ್ದೆ ಮಣ್ಣಿಗಿಂತ ತೆಳು,
ಕೊಳವೆಗಳಿಗೆ ಸುರಿದು ಸುತ್ತಿಗೆಯ ಹಿಡಿಯಿಂದ ತಟ್ಟಿದೆ.
ಒಳಗಿನ ಗಾಳಿ ಗುಳುಗುಳು ಎದ್ದು ಹೋಯಿತು.

ಈಗ ಇನ್ನೂರ ಹತ್ತು ಕಿಲೋ.
ನಾವು ಈ ಗ್ಯಾರೇಜು ಮಾರುವ ಮಾತು ಇಲ್ಲಿಗೆ ಮುಗಿಯಿತು.
ಡಯಲಿನ ಮುಳ್ಳು ಎರಡು ನೂರಾಂಶದಲ್ಲಿ ತೂಗಾಡಿ
ಸುಮ್ಮನಾಯಿತು.
ಹೆಲ್ವೆ ಮತ್ತೆ ಕೈ ಇಟ್ಟಳು. ತುಂಬಾ ಹೊತ್ತು.
'ಬಲಗಾಲು ಇನ್ನೂ ಏನೋ ಗೊಣಗ್ತಿದೆ.'
ಕೂತು, ನೆಲಕ್ಕೇ ಅಂಗೈ ಒತ್ತಿದಳು.
'ಇದು ನಿನ್ನದಲ್ಲ ಬಿಡು. ಕೆಳಗೆ ನೆಲ ಹೆಪ್ಪುಗಟ್ತಿದೆ.
ಏಪ್ರಿಲ್‌ವರೆಗೆ ಅದನ್ನ ಯಾರೂ ಸರಿ ಮಾಡಕ್ಕಾಗಲ್ಲ.'