ಗೆಣ್ಣಿನ ಮಾಂಸ

ಏಳು ವರ್ಷದ ಮೇಲೆ ಎಲ್ಡನ್ ಬಂದ.
ಬಾಗಿಲು ತಟ್ಟಲಿಲ್ಲ, ಕೆಮ್ಮಿದ.
ಕೈಯಲ್ಲಿ ಬಕೆಟ್ಟು, ಒದ್ದೆ ಗೋಣಿಯ ಕೆಳಗೆ
ಐದು ಲಾಬ್‌ಸ್ಟರು ಒಂದರ ಬೆನ್ನು ಒಂದು
ಕರಕರ ಕೆರೆಯುತ್ತ.
'ಬನ್ನಿದೆಯಾ?' ಅಂದ.
ಇನ್ನೇನು ಹೇಳಿಯಾನು, ನಮ್ಮಪ್ಪನ ಮಗ.

ಬನ್ನಿತ್ತು. ನೆತ್ತಿ ಸೀಳಿದ್ದು, ಪಕ್ಕೆ ಬೋಳು.
ಬೆಣ್ಣೆ ಹಿಡಿಯಲೆಂದೇ ಬೋಳು.

ನೀರು ಎರಡಿಂಚು ಸಾಕು, ಆದರೆ ಕಡಲಿನದೇ ಆಗಬೇಕು.
ಬಕೆಟ್ಟು ಹಿಡಿದು ಜೆಟ್ಟಿಗೆ ನಾನೇ ಹೋದೆ.
ಅವನ ದೋಣಿ ಅಲ್ಲೇ ಕಟ್ಟಿತ್ತು,
ನೋಡದ ಹಾಗೆ ನೋಡಿದೆ:
ಹೆಸರು ಬದಲಾಯಿಸಿಲ್ಲ. ಇನ್ನೂ 'ಲೆನೋರಾ'.
ಅಮ್ಮನ ಹೆಸರಿಗೆ ಈ ವಸಂತದಲ್ಲೂ ಬಣ್ಣ ಬಳಿದಿದ್ದಾನೆ.
ವಾಪಸು ಬಂದಾಗ ಬಕೆಟ್ಟಿನಲ್ಲಿ ನಾಲ್ಕೇ ಇದ್ದವು.
ಅದರ ಮಾತು ಆಮೇಲೆ.

ಹನ್ನೆರಡು ನಿಮಿಷ.
ಪಾತ್ರೆಯ ಮುಚ್ಚಳ ಮಾತ್ರ ಹಲ್ಲು ಕಡಿಯುತ್ತಿತ್ತು.

ಅಪ್ಪ ಸತ್ತ ವರ್ಷ, ಅಪ್ಪನ ನೀರು ಯಾರಿಗೆ ಎಂಬ ಜಗಳದಲ್ಲಿ
ನನ್ನ ನಲವತ್ತು ಬೋನಿನ ಹಗ್ಗ
ಒಂದೇ ರಾತ್ರಿಗೆ ತುಂಡಾಯಿತು.
ಹಳದಿ ಬುರುಡೆಗಳು ತೇಲಿ ಬಂದು
ಕಿತ್ತ ಹಲ್ಲಿನಂತೆ ದಡದಲ್ಲಿ ಬಿದ್ದಿದ್ದವು.
ಬೋನುಗಳು ಇವತ್ತಿಗೂ ತಳದಲ್ಲಿವೆ,
ಯಾರಿಗಾಗಿಯೂ ಅಲ್ಲದೆ ಬಾಯಿ ತೆರೆದುಕೊಂಡು.
ಕೊಯ್ದವನು ನಾನಲ್ಲ ಎಂದು ಅವನು ಹೇಳಲಿಲ್ಲ.
ನಾನೇ ಎಂದೂ ಹೇಳಲಿಲ್ಲ.
ಮರುವರ್ಷ ಅವನ ದೋಣಿಯಲ್ಲಿ ಅಳತೆಗೆ ಬಾರದ ಮರಿಗಳಿವೆ ಎಂದು
ವಾರ್ಡನ್ನಿಗೆ ಫೋನು ಮಾಡಿದ್ದು ಯಾರು,
ಅದನ್ನು ಅವನು ಕೇಳಿಲ್ಲ.
ಒಂದಿಡೀ ವರ್ಷ ಲೈಸೆನ್ಸಿಲ್ಲದೆ
ಯಾರದೋ ಚಾವಣಿಗೆ ಮೊಳೆ ಹೊಡೆದ.

ಕೆಂಪಗೆ ಬೆಂದವನ್ನು ಮೇಜಿನ ಮೇಲೆ ಸುರಿದೆ.
ಬಾಲ ತಿರುಚಿದರೆ ಬರುತ್ತದೆ, ಇಕ್ಕಳಕ್ಕೆ ಚಾಕುವಿನ ಬೆನ್ನು.
ಗೆಣ್ಣು ಮಾತ್ರ ಬೆರಳಿನ ಕೆಲಸ.
ಎಲ್ಲಕ್ಕಿಂತ ಸಿಹಿ ಅಲ್ಲಿರುತ್ತದೆ,
ಅವಸರದವರು ಎಸೆಯುವ ಸಂದಿಯಲ್ಲಿ.
ಎಲ್ಡನ್ ಒಂದು ಗೆಣ್ಣು ಎತ್ತಿಕೊಂಡ, ಜಾರಿತು, ಮತ್ತೆ ಎತ್ತಿಕೊಂಡ.
ಆಗ ಕಂಡಿತು.
ಬಲಗೈಯ ಎರಡು ಬೆರಳು ಅರ್ಧಕ್ಕೇ ನಿಂತಿವೆ.
ವಿಂಚಿನ ಬಾಯಿಗೆ ಹೋದದ್ದು. ಯಾವಾಗಲೋ.
ಊರಿಗೆಲ್ಲ ಗೊತ್ತಿರಬೇಕು.
ಅವನ ಹೆಸರು ನನ್ನೆದುರು ಎತ್ತುವ ಧೈರ್ಯ ಯಾರಿಗಿತ್ತು?

ಅವನ ತಟ್ಟೆ ನನ್ನತ್ತ ಎಳೆದುಕೊಂಡೆ.
ಗೆಣ್ಣನ್ನೆಲ್ಲ ನಾನೇ ಬಿಡಿಸಿದೆ.

ಅಮ್ಮನ ಲೆಕ್ಕ ನಮ್ಮಿಬ್ಬರಿಗೂ ಬಾಯಿಪಾಠ:
ಮಾಂಸ ತಣ್ಣಗಿರಲಿ, ಬನ್ನು ಬಿಸಿ ಇರಲಿ,
ಮೇಯೊನೇಸು ಒಂದಕ್ಕೊಂದು ಅಂಟುವಷ್ಟೇ.
ಶಾಲೆಯಲ್ಲಿ ಅವಳು ಇದನ್ನೇ
ಗೋಡೆಗೆ ಮುಖ ಮಾಡಿ ತಿಂದವಳು,
ಬಡವರ ಬುತ್ತಿ ಯಾರಿಗೂ ಕಾಣದಿರಲೆಂದು.
ಈಗ ಬೇಸಿಗೆಯ ಜನ ಇದಕ್ಕೇ
ಮೂವತ್ತೆರಡು ಡಾಲರು ಹಿಡಿದು ಬಿಸಿಲಲ್ಲಿ ಸಾಲು ನಿಲ್ಲುತ್ತಾರೆ.
'ಜೊಡೀನ್ ಸೆಲರಿ ಹಾಕುತ್ತಾಳೆ' ಅಂದ ಎಲ್ಡನ್,
ಪೊಲೀಸರಿಗೆ ದೂರು ಕೊಡುವ ದನಿಯಲ್ಲಿ.
ನನಗೆ ನಗು ಬಂತು. ತಡೆದೆ. ತಡೆಯಲಾಗಲಿಲ್ಲ.

ಐದನೆಯದರ ಮಾತು.
ಹೆಣ್ಣು. ಬಾಲದ ರೆಕ್ಕೆಯಲ್ಲಿ ಕಚ್ಚು,
ಮೊಟ್ಟೆ ಹೊತ್ತಿದ್ದಾಗ ಯಾರೋ ಕತ್ತರಿಸಿ ಬಿಟ್ಟ ಗುರುತು:
ಇವಳು ತಾಯಿ, ಮುಟ್ಟಬೇಡಿ.
ಪೊರೆ ಕಳಚಿ ಕಳಚಿ ಗುರುತು ಮುಚ್ಚುತ್ತ ಬಂದಿತ್ತು,
ಆದರೂ ಗುರುತೇ.
ನಲವತ್ತು ವರ್ಷದ ಕಸುಬಿನವನ ಕಣ್ಣಿಗೆ ಬೀಳಲಿಲ್ಲವೆ?
ಅವಳನ್ನು ನಾನು ಕೈಗೆತ್ತಿಕೊಂಡಾಗ
ಅವನು ಗೋಡೆಯ ಫೋನಿನ ಕೆಳಗೇ ಕುರ್ಚಿ ಎಳೆದು ಕೂತಿದ್ದ,
ನನ್ನ ಮುಖ ನೋಡದೆ.

ಜೆಟ್ಟಿಯ ತುದಿಯಲ್ಲಿ ಬಗ್ಗಿ, ರಬ್ಬರು ಬಿಚ್ಚಿ, ನೀರಿಗಿಟ್ಟೆ.
ಒಮ್ಮೆ ಬಾಲ ಮಡಚಿ ಹಿಂದಕ್ಕೆ ಚಿಮ್ಮಿದಳು.
ಅವು ಹೋಗುವುದೇ ಹಾಗೆ, ಹಿಂದುಹಿಂದಕ್ಕೆ,
ಬಿಟ್ಟವರ ಕಡೆ ಮುಖ ಮಾಡಿ.

ನಾಲ್ಕು ರೋಲಾಯಿತು. ಅವನಿಗೆರಡು, ನನಗೊಂದು.
ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಜೊಡೀನಳಿಗೆ ಕೊಟ್ಟೆ.
'ಸೆಲರಿ ಇಲ್ಲ ಅಂತ ಹೇಳು.'
'ನೀನೇ ಹೇಳು' ಅಂದ, ಬೂಟು ಏರಿಸುತ್ತ.

ಬಕೆಟ್ಟು ಇಲ್ಲೇ ಬಿಟ್ಟು ಹೋಗಿದ್ದಾನೆ.