ಗಾಲಿ ಮನೆಗೆ ಬಾಡಿಗೆ

ಹದಿನಾಲ್ಕು ವರ್ಷ ತಾನೇ ಓಡಿಸಿದ ಆಂಬುಲೆನ್ಸು
ಹರಾಜಿಗೆ ಬಂದಾಗ ಕೊಟ್ರೇಶಿ ಬಿಡಲಿಲ್ಲ.
ಸ್ಟ್ರೆಚರ್ ಇದ್ದಲ್ಲಿ ಈಗ ಮಡಚುವ ಮಂಚ,
ಆಕ್ಸಿಜನ್ ಇದ್ದಲ್ಲಿ ಒಂಟಿ ಒಲೆ, ಒಗ್ಗರಣೆ ಡಬ್ಬಿ.
ಸೈರನ್ನು ಮಾತ್ರ ಬಿಚ್ಚದೆ, ವಯರು ಕತ್ತರಿಸಿ ಸುಮ್ಮನಿರಿಸಿದ.
ಇದರೊಳಗೆ ಒಂದ್ಸಲ ನಿಧಾನಕ್ಕೆ ಹೋಗ್ಬೇಕು, ಅಂದಿದ್ದ.

ಇಡೋದೆಲ್ಲಿ ಅಂತ ಇಬ್ಬರೂ ಕೇಳಿಕೊಂಡಿರಲಿಲ್ಲ.

ಓಣಿ ಹನ್ನೊಂದು ಅಡಿ. ಎದುರುಮನೆ ಪಾರಕ್ಕ
"ಹೆಣದ ಗಾಡಿ ಬಾಗ್ಲಾಗ ನಿಂತ್ರೆ ಮಗಳ್ನ ನೋಡಾಕೆ ಯಾರು ಬರ್ತಾರ?" ಅಂದಳು.
ಬದುಕಿದವರೂ ಇದರಾಗೇ ಹೋದವರು ಪಾರಕ್ಕ, ಅಂದೆ.
ಕೇಳಲಿಲ್ಲ.

ಅಂಗಡಿ ಅರ್ಧ ಮುಚ್ಚಿ, ಕೊರಳಲ್ಲಿ ಟೇಪು ಹಾಗೇ ಇಟ್ಟುಕೊಂಡು ಹೊರಟೆ.
ಹದಿನೇಳು ಉದ್ದ, ಆರು ಅಗಲ, ಎತ್ತರ ಎಂಟು ಅಡಿ ಮೂರಿಂಚು.
ಆಜಾದ್ ನಗರದ ಮಂಡಕ್ಕಿ ಭಟ್ಟಿ ಹಿಂದೆ ಎಂಟುನೂರಕ್ಕೆ ಜಾಗ;
ಗೋಡೆಗೆ ಬೆರಳೊತ್ತಿದರೆ ಕಣ್ಣಿಗೆ ಹಚ್ಚುವಷ್ಟು ಕಪ್ಪು.
ಎಪಿಎಂಸಿ ಗೋದಾಮು ಮೂರೂವರೆ ಸಾವಿರ,
ಅದೂ ಮೆಕ್ಕೆಜೋಳ ಬರುವ ತನಕ.
ಹದಡಿ ರಸ್ತೆಯ ಖಾಲಿ ಸೈಟು ಅಗ್ಗ.
ಆದರೆ ಟಾರ್ಪಾಲು, ಇಲಿ, ಬ್ಯಾಟರಿ ಕದಿಯುವವರು,
ಆ ಖರ್ಚನ್ನೆಲ್ಲಿ ಬರೆಯಲಿ?

ಕೊನೆಗೊಂದು ಹಳೇ ಜಿನ್ನಿಂಗ್ ಶೆಡ್ಡು. ತಿಂಗಳಿಗೆ ಎರಡು ಸಾವಿರ:
ಲೈನಿಂಗ್ ಇರುವ ಐದು ಬ್ಲೌಸು.
ಅಡ್ವಾನ್ಸು ಹತ್ತು ಸಾವಿರ: ಒಂದು ಮದುವೆ ಮನೆ, ಬೀಗರ ಕಡೆಯದೂ ಸೇರಿ.
ಮುಂದೆ ಬೇಕಾದೀತೆಂದು ಹೊಲಿಗೆಯೊಳಗೆ ಒಂದಿಂಚು ಬಟ್ಟೆ ಬಿಡುವವಳು ನಾನು;
ಈ ಲೆಕ್ಕದಲ್ಲಿ ಬಿಡಲು ಏನೂ ಉಳಿಯಲಿಲ್ಲ.

ಬಾಗಿಲು ಎಂಟು ಅಡಿ, ಮೇಲೆ ಒಂದೇ ಇಂಚು.
ಸಾವ್ಕಾರ ಮುರಿಗೆಪ್ಪ "ಆಗಲ್ಲ ಬಿಡ್ರಿ" ಎನ್ನುತ್ತ ಬೀಗ ತಡಕುತ್ತಿದ್ದ.
ಸೈರನ್ ಬಿಚ್ಚು ಅಂತ ನಾನು ಹೇಳಲಿಲ್ಲ.
ಬಿಗಿ ಬ್ಲೌಸಿಗೆ ಬಂದ ಹೆಂಗಸರು ಕನ್ನಡಿ ಮುಂದೆ ಏನು ಮಾಡುತ್ತಾರೆಂದು
ಗೊತ್ತಲ್ಲ ನನಗೆ.
ಗಾಳಿ ಬಿಡು, ಅಂದೆ.

ನಾಲ್ಕೂ ಚಕ್ರ ಉಸ್ಸೆಂದವು.
ಹೊಸ್ತಿಲ ಪಕ್ಕ ಟೇಪು ಎತ್ತಿ ಹಿಡಿದು
ಬಾ, ಬಾ, ಇನ್ನೂ ಬಾ...
ಹೊಟ್ಟೆ ಒಳಗೆಳೆದುಕೊಂಡು ಹೋಗಿಯೇ ಬಿಟ್ಟಿತು,
ಸೈರನ್ನಿನ ನೆತ್ತಿ ಕಬ್ಬಿಣಕ್ಕೆ ತುಸು ಸವರಿ.

ಒಳಗೆ, ಯಾವ ವರ್ಷದ್ದೋ ಹತ್ತಿ ಇನ್ನೂ ಜೇಡರ ಬಲೆಯಲ್ಲಿ.
ಕೊಟ್ರೇಶಿ ಒಲೆ ಹಚ್ಚಿ ಚಹಾಕ್ಕಿಟ್ಟ.
ಮನೆಯಿಂದ ನಾಲ್ಕು ಕಿಲೋಮೀಟರು. ಬರಲು ಮುಕ್ಕಾಲು ಗಂಟೆ;
ಹಿಂದಿನವರು ಹಾರ್ನ್ ಹೊಡೆದರೂ ಅವನು ವೇಗ ಹೆಚ್ಚಿಸಿರಲಿಲ್ಲ.

ಡೈರಿ ತೆಗೆದು ಕೆಳಗೆ ಬರೆದೆ:
ಕಾಲು ಪಂಪು, ಆರುನೂರು. ಹೊರಗೆ ಬಂದ ದಿನಕ್ಕೆ.
ಒಂದೂವರೆ ಬ್ಲೌಸು.